ಅಳತೆಯ ಬೆರಳು

ನಮ್ಮವರು ಜೌಗಿನ ಕಾಡುಹೂಗಳ ಫೋಟೊ ತೆಗೆಯುತ್ತಾರೆ. ವಾರವಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ, ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸುತ್ತಾರೆ. ಹೂ ಗುರುತಿಸುವವರ ಗುಂಪಿನಲ್ಲಿ ಅವರ ಫೋಟೊಗೆ ಬಲು ಮರ್ಯಾದೆ. ಆ ಫೋಟೊಗಳಲ್ಲೆಲ್ಲ ಹೂವಿನ ಪಕ್ಕ ಒಂದು ಬೆರಳಿರುತ್ತದೆ. ಅದು ನನ್ನದು. ಹೂ ಎಷ್ಟು ದೊಡ್ಡದೆಂದು ತಿಳಿಯದೆ ಹೆಸರು ಹೇಳಲಾಗದು, ಅದಕ್ಕೇ ಅಳತೆಗೊಂದು ಬೆರಳು. ಮರ್ಯಾದೆ ಅವರಿಗೆ, ಕೆಸರು ನನಗೆ.

ಕಳೆದ ಭಾನುವಾರ ಸಿಕ್ಕಿದ್ದು ಹುಳ ಹಿಡಿಯುವ ಗಿಡ. ನೀರಿನಡಿ ಸಾಸಿವೆಯಷ್ಟು ಚೀಲಗಳು, ಮೇಲೆ ನೇರಳೆ ಹೂ. ಅದರಲ್ಲಿ ಎರಡು ಜಾತಿ. ಒಂದರ ಹೂ ಉಗುರಿನಷ್ಟು, ಇನ್ನೊಂದರದು ಅದರರ್ಧ. ಚಿಕ್ಕದಾದರೆ ಈ ಜೌಗಿನಲ್ಲಿ ಯಾರೂ ಕಂಡಿಲ್ಲದ್ದು. ಇವರು ಕೆಸರಿನ ಮೇಲೆ ಹಾಸಿಕೊಂಡ ಹಲಗೆಯ ಮೇಲೆ ಮಂಡಿಯೂರಿದರು. ನಾನು ಆಚೆಯಿಂದ ಬಳಸಿ ಹೋಗಿ ಬೆರಳು ಚಾಚಬೇಕು. ಹೂವಿನ ಹತ್ತಿರ ಬಂದವಳೇ ತೊಡೆಯವರೆಗೆ ಹೂತುಹೋದೆ.

“ರೀ, ಕಾಲು ಬರ್ತಿಲ್ಲ. ಹಲಗೆ ಈ ಕಡೆ ತಳ್ಳಿ.”

“ಅಲ್ಲಾಡಬೇಡ ಕಣೇ, ಹೂ ಅಲ್ಲಾಡುತ್ತೆ! ಬೆರಳಿಡು, ಒಂದೇ ನಿಮಿಷ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಬೆರಳಿಟ್ಟೆ. ಯಾಕಿಟ್ಟೆನೋ! ವರ್ಷಗಳ ಅಭ್ಯಾಸ, ಇಡು ಅಂದ ತಕ್ಷಣ ಕೈ ತಾನೇ ಹೋಗುತ್ತದೆ. ಕೆಸರು ಒಳಕ್ಕೆಳೆಯುತ್ತಲೇ ಇತ್ತು. ಸೊಂಟಕ್ಕೆ ತಣ್ಣಗೆ ತಾಗಿದಾಗ ನಿಜಕ್ಕೂ ಹೆದರಿದೆ.

“ರೀ, ಮುಳುಗ್ತಿದೀನಿ!”

“ಇನ್ನೊಂದು, ಇನ್ನೊಂದೇ ಒಂದು,” ಎಂದರು. ಕಣ್ಣು ಕ್ಯಾಮೆರಾದಿಂದ ಏಳಲಿಲ್ಲ. ಆ ಕಣ್ಣಿಗೆ ಬೆರಳು ಕಾಣುತ್ತಿತ್ತು, ಬೆರಳಿನ ಹಿಂದಿದ್ದ ನಾನು ಕಾಣುತ್ತಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಕೆಸರಿನ ಮೇಲೆ ಬೋರಲು ಬಿದ್ದು, ಹುಲ್ಲಿನ ಬುಡ ಹಿಡಿದು, ತೆವಳಿಕೊಂಡು ದಡ ಸೇರಿದೆ. ಒಂದು ಬೂಟು ಅಲ್ಲೇ ಉಳಿಯಿತು.

ಸಂಜೆ ಇವರು ಫೋಟೊ ದೊಡ್ಡದು ಮಾಡಿ ನೋಡಿ ಹಣೆ ಚಚ್ಚಿಕೊಂಡರು. “ಬೆರಳು ನಡುಗಿ ಮಸುಕಾಗಿದೆ ಕಣೇ. ಅಳತೆ ಸಿಗ್ತಿಲ್ಲ. ಬರೋ ಭಾನುವಾರ ಮತ್ತೆ ಹೋಗೋಣ.”

“ನಾನು ಬರಲ್ಲ,” ಎಂದೆ.

ಮದುವೆಯಾದಾಗಿನಿಂದ ಆ ಮಾತು ನನ್ನ ಬಾಯಿಗೆ ಬಂದದ್ದು ಅದೇ ಮೊದಲು. ಯಾಕೆ, ಏನಾಯ್ತು ಎಂದಾದರೂ ಕೇಳಲಿ ಎಂದು ಕಾದೆ.

“ಹಾಗಾದ್ರೆ ಅಳತೆಗೆ?”

ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತಂದು ಅವರ ಮುಂದಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ ತಲೆದೂಗಿದರು. ಅಬ್ಬ, ಬಿಡುಗಡೆಯಾಯಿತು ಎಂದುಕೊಂಡೆ.

“ಒಳ್ಳೇ ಉಪಾಯ ಕಣೇ! ಇದಾದ್ರೆ ನಡುಗಿದ್ರೂ ಅಂಕಿ ಓದ್ಬಹುದು,” ಎಂದರು. “ನೀನು ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಕು. ನಿಂಗೆ ಹೊಸ ಬೂಟು ತರ್ತೀನಿ.”