ಸನ್ಮಾನದ ತಾಯಿ

"ಪಾಸ್ ಇಲ್ದೆ ಬಿಡಲ್ಲ ಅಮ್ಮ, ಸೈಡಿಗ್ ಬನ್ನಿ," ಎಂದು ಗೇಟಿನಲ್ಲಿದ್ದ ಕಪ್ಪು ಟೀಶರ್ಟಿನವನು ಕೈ ಅಡ್ಡ ಹಿಡಿದ. ಅವನ ಎದೆಯ ಮೇಲೆ ನಟ ಸಮರ್ಥ್‌ರಾಜ್ ಮಚ್ಚು ಹಿಡಿದು ನಿಂತಿದ್ದ.

"ನಾನು ಭೀಮರಾಜನ ತಾಯಿ ಕಣಪ್ಪ," ಎಂದಳು ಸೊಣ್ಣಮ್ಮ.

"ಯಾವ ಭೀಮರಾಜ್ ಅಮ್ಮ?"

ಹೋದ ವರ್ಷ ಯಲಹಂಕದ ಇದೇ ಕಲ್ಯಾಣಮಂಟಪದಲ್ಲಿ, ಇದೇ ಅಭಿಮಾನಿಗಳ ಸಮ್ಮೇಳನದಲ್ಲಿ, ಇವನಂಥ ಸಾವಿರಾರು ಜನ ಗಂಟಲು ಹರಿಯುವಂತೆ ಆ ಹೆಸರು ಕೂಗಿದ್ದರು. ಇವನೂ ಕೂಗಿರಬೇಕು. ಕೂಗಿದ ಹೆಸರು ಅವತ್ತಿನ ಬಿರಿಯಾನಿ ಪ್ಯಾಕೆಟ್ಟಿನ ಜೊತೆಗೇ ಕರಗಿಹೋಗಿತ್ತು.

ಕೆಲವು ವರ್ಷಗಳ ಹಿಂದೆ, ಸಮರ್ಥ್‌ರಾಜನ ಹುಟ್ಟುಹಬ್ಬದ ಹಿಂದಿನ ದಿನ ಬಾಗಲಗುಂಟೆಯಲ್ಲಿ ಕಟೌಟ್ ನಿಲ್ಲಿಸುವಾಗ ಕಬ್ಬಿಣದ ಕಂಬಿ ಕರೆಂಟಿನ ತಂತಿಗೆ ತಾಗಿ ಭೀಮರಾಜ ಸತ್ತಿದ್ದ. ಮೂರನೆಯ ದಿನ ನಟನೇ ಮನೆಗೆ ಬಂದ. ಅವನ ಹಿಂದೆ ಕ್ಯಾಮೆರಾಗಳು ಬಂದವು. ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತಿದ್ದ ಸೊಣ್ಣಮ್ಮನ ಕಾಲು ಮುಟ್ಟಿ, "ಅಳಬೇಡಿ ಅಮ್ಮ, ಇನ್ಮೇಲೆ ನಾನೇ ನಿಮ್ಮ ಮಗ," ಎಂದ. ಗಂಡ ಬೈರಣ್ಣ ಮಾತ್ರ ಬೀದಿಯ ಕಡೆ ಮುಖ ಮಾಡಿಕೊಂಡು ಕೂತವನು ತಿರುಗಿ ನೋಡಲಿಲ್ಲ.

ಅವತ್ತಿನಿಂದ ಬೈರಣ್ಣನ ಬಾಯಲ್ಲಿ ಮಗನ ಹೆಸರು ಬಂದಿಲ್ಲ. "ಅವ್ನೇನ್ ಗಡಿ ಕಾಯ್ತಾ ಸತ್ನಾ, ಏಳ್ಕೊಂಡ್ ತಿರ್ಗಕ್ಕೆ?" ಎಂದು ಒಮ್ಮೆ ಅಂದವನು ಗೋಡೆಯ ಮೇಲಿನ ಫೋಟೋ ಕೂಡ ತೆಗೆದು ಒಳಗಿಟ್ಟ. ಮದುವೆ, ತಿಥಿ ಎಂದು ಹೋದಲ್ಲೆಲ್ಲ ಸೊಣ್ಣಮ್ಮ ಬೆನ್ನ ಹಿಂದಿನ ಪಿಸುಮಾತು ಕೇಳಿಸಿಕೊಂಡಿದ್ದಳು: ಕಟೌಟ್ ಕಟ್ಟೋಕೆ ಹೋಗಿ ಸತ್ತನಲ್ಲ, ಅವನ ತಾಯಿ. ಹುಡುಗನಿಗೊಂದು ಹೆಸರಿತ್ತು ಎನ್ನುವುದನ್ನೇ ಊರು ಮರೆತುಬಿಟ್ಟಿತ್ತು.

ಉಳಿದದ್ದು ವರ್ಷಕ್ಕೊಂದು ಈ ಸಮ್ಮೇಳನ. ಕಾರು ಬರುತ್ತಿತ್ತು. ವೇದಿಕೆಯ ಮೇಲೆ ಕುರ್ಚಿ, ಶಾಲು, ಹಾರ. ದೀಪ ಆರಿಸಿ ಪರದೆಯ ಮೇಲೆ ಮಗನ ಮುಖ ತೋರಿಸುತ್ತಿದ್ದರು. ಸಮರ್ಥ್‌ರಾಜ್ ಗದ್ಗದ ಕಂಠದಲ್ಲಿ ಹೆಸರು ಹೇಳಿ ಅವಳ ಕಾಲಿಗೆ ಬೀಳುತ್ತಿದ್ದ, ಸಭೆಯೆಲ್ಲ "ಭೀಮರಾಜ್ ಅಮರ್ ರಹೇ" ಎನ್ನುತ್ತಿತ್ತು. ಸೊಣ್ಣಮ್ಮ ದಡ್ಡಿಯಲ್ಲ. ಆ ಗದ್ಗದ ಸಿನಿಮಾದಲ್ಲಿ ಬರುವ ಗದ್ಗದವೇ ಎಂದು ಅವಳಿಗೆ ಗೊತ್ತಿತ್ತು. ಅದೇನಾದರೂ ಆಗಲಿ, ಕಿವಿಗೆ ಬೀಳುತ್ತಿದ್ದ ಹೆಸರಂತೂ ಸುಳ್ಳಲ್ಲ. ಆ ಒಂದು ಕೂಗನ್ನು ನೆಚ್ಚಿಕೊಂಡು ಅವಳು ವರ್ಷ ತಳ್ಳುತ್ತಿದ್ದಳು.

ಈ ಸಲ ಕಾರು ಬರಲಿಲ್ಲ. ಸೀರೆಯುಟ್ಟು ಬಹಳ ಹೊತ್ತು ಕಾದು, ಶೆಟ್ಟಿಹಳ್ಳಿಯ ತಂಗಿಯ ಮನೆಗೆ ಹೋಗಿಬರುವುದಾಗಿ ಗಂಡನಿಗೆ ಸುಳ್ಳು ಹೇಳಿ, ಆಟೋ ಹತ್ತಿ ಬಂದಿದ್ದಳು.

"ಅಯ್ಯೋ ಸೊಣ್ಣಮ್ಮ! ದೇವ್ರು ಕಳಿಸ್ದಂಗ್ ಬಂದ್ರಿ ನೋಡಿ!" ಎನ್ನುತ್ತ ಅಭಿಮಾನಿ ಸಂಘದ ಅಧ್ಯಕ್ಷ ನಾಗೇಶ್ ಒಳಗಿನಿಂದ ಓಡಿ ಬಂದ. ಶೆಟ್ಟಿಹಳ್ಳಿಯ ರಾಗಿ ಹೊಲಗಳನ್ನೆಲ್ಲ ಸೈಟು ಮಾಡಿ ಮಾರಿದ ಮೇಲೆ ಅವನಿಗೆ ಉಳಿದ ಬೇಸಾಯ ಇದೊಂದೇ. ಕಾರು ಕಳಿಸದ್ದಕ್ಕೆ ಏನಾದರೂ ಅಂದಾನು ಎಂದು ಅವಳು ಕಾದಳು. ಅವನಿಗೆ ಕಾರಿನ ನೆನಪೇ ಇರಲಿಲ್ಲ. "ಒಂದ್ ಉಪಕಾರ ಆಗ್ಬೇಕು ನಿಮ್ಮಿಂದ. ಈ ವರ್ಷದ ತಾಯಿ ಸ್ಟೇಜ್ ಹತ್ತಲ್ಲ ಅಂತ ಕೂತವ್ರೆ. ನೀವೊಂದ್ ಮಾತ್ ಹೇಳಿ. ನಿಮ್ಗೆ ಅನುಭವ ಇದೆ."

ಈ ವರ್ಷದ ತಾಯಿ. ಯುಗಾದಿಗೆ ಬಿಡುಗಡೆಯಾದ ಸಿನಿಮಾದ ದಿನ, ಕಟೌಟಿಗೆ ಹಾಲೆರೆಯಲು ಹತ್ತಿ ಬಿದ್ದು ಸತ್ತ ಮುನಿರಾಜುವಿನ ತಾಯಿ, ಅಂಜನಮ್ಮ. ಸೊಣ್ಣಮ್ಮನಿಗೆ ಹೊಟ್ಟೆಕಿಚ್ಚಾಯಿತು. ಮಗನನ್ನು ಕಳೆದುಕೊಂಡವಳ ಮೇಲೆ ಹೊಟ್ಟೆಕಿಚ್ಚು! ತನ್ನ ಮೇಲೆ ತನಗೇ ಹೇಸಿಗೆಯಾಯಿತು, ಆದರೂ ಕಿಚ್ಚು ಆರಲಿಲ್ಲ.

"ನನ್ ಮಗನ ಎಸ್ರೂ ಕೂಗಿಸ್ತೀಯಾ?" ಎಂದು ಕೇಳಿದಳು.

"ಕೂಗಿಸ್ತೀನಿ ಅಮ್ಮ, ಇಬ್ರುದೂ ಕೂಗಿಸ್ತೀನಿ. ಮೊದ್ಲು ಆಯಮ್ಮುನ್ನ ಒಪ್ಸಿ."

ವೇದಿಕೆಯ ಹಿಂದೆ ಮದುವೆ ಹೆಣ್ಣಿಗೆ ಸಿಂಗಾರ ಮಾಡುವ ಕೋಣೆ. ದೊಡ್ಡ ಕನ್ನಡಿಗೆ ಬೆನ್ನು ಹಾಕಿ ಅಂಜನಮ್ಮ ಕೂತಿದ್ದಳು. ಸೊಣ್ಣಮ್ಮನಿಗಿಂತ ಚಿಕ್ಕವಳು. ಹೊದಿಸಿದ್ದ ಶಾಲನ್ನು ತೆಗೆದು ನೆಲಕ್ಕೆ ಎಸೆದಿದ್ದಳು.

"ನನ್ ಮಗ್ನೂ ಇಂಗೇ ಓದ ಕಣಮ್ಮ," ಎಂದು ಸೊಣ್ಣಮ್ಮ ಪಕ್ಕದಲ್ಲಿ ಕೂತಳು.

"ಆ ನನ್ಮಗ ಬಂದ್ ಕಾಲಿಗ್ ಬೀಳ್ತಾನಂತಲ್ಲಕ್ಕ. ಬಿದ್ರೆ ಒದ್ದುಬಿಡ್ತೀನಿ."

"ಮೊದ್ಲು ನಂಗೂ ಅಂಗೇ ಅನ್ಸಿತ್ತು. ಅವನ್ನ ಬುಡು. ಆ ಮಕ್ಳು ಎಸ್ರು ಕೂಗ್ತವಲ್ಲ, ಅದುನ್ನ ಕೇಳು. ಮೈ ಜುಂ ಅಂತದೆ. ಮಗ ಎಲ್ಲೋ ಬದ್ಕವ್ನೆ ಅನ್ಸ್ತದೆ."

"ಆಮೇಲೆ?"

"ಆಮೇಲೆ ಕಾರಲ್ಲಿ ಮನೆತಾವ ಬುಡ್ತಾರೆ."

"ಈವತ್ತು ಕಾರಲ್ಲೇ ಬಂದ್ಯಾ?"

ಸೊಣ್ಣಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು. "ಆಟೋಲಿ," ಎಂದಳು.

ಅಂಜನಮ್ಮ ಬೇರೇನೂ ಕೇಳದೆ ಎದ್ದಳು. ವೈರ್ ಬ್ಯಾಗು ಕೈಗೆ ತೆಗೆದುಕೊಂಡು, ಅಡುಗೆಯವರು ಓಡಾಡುವ ಹಿಂದಿನ ಬಾಗಿಲು ತೆರೆದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ನೀನೂ ಬಾಕ್ಕ. ಬಸ್ಸಲ್ಲಿ ಇಬ್ರೂ ಓಗಾನ. ದಾರೀಲಿ ನಿನ್ ಮಗನ ವಿಷ್ಯ ಮಾತಾಡು, ನಾನ್ ಕೇಳ್ತೀನಿ."

ಇಷ್ಟು ವರ್ಷಗಳಲ್ಲಿ ಹೀಗೆ ಕರೆದವರಿರಲಿಲ್ಲ. ಸೊಣ್ಣಮ್ಮ ಅರ್ಧ ಎದ್ದಳು. ಅಷ್ಟರಲ್ಲಿ ಗೋಡೆಯಾಚೆ ಡೋಲು ಶುರುವಾಯಿತು, ಸಿಳ್ಳೆಗಳು ಎದ್ದವು.

"ನೀನ್ ಓಗಿರು," ಎಂದಳು. "ಎಸ್ರು ಕೂಗಿಸ್ತೀನಿ ಅಂದವ್ನೆ."

ಅಂಜನಮ್ಮ ಅವಳನ್ನು ಒಂದು ಗಳಿಗೆ ನೋಡಿ ಹೊರಟುಹೋದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಅದರಲ್ಲಿ ಇದ್ದದ್ದು ಕನಿಕರ.

ನಾಗೇಶ್ ಬಂದು ಖಾಲಿ ಕುರ್ಚಿ ನೋಡಿ ತಲೆ ಚಚ್ಚಿಕೊಂಡ. "ಅಣ್ಣ ಸ್ಟೇಜ್ ಮೇಲವ್ರೆ! ಅನೌನ್ಸ್ ಆಗೋಗಿದೆ! ನೀವೇ ಬನ್ನಿ ಅಮ್ಮ, ಬನ್ನಿ!" ನೆಲದಲ್ಲಿದ್ದ ಶಾಲನ್ನು ಕೊಡವಿ ಅವಳಿಗೆ ಹೊದಿಸಿ, ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ. ಸೊಣ್ಣಮ್ಮನ ಎದೆ ಹಿಗ್ಗಿತು. ಅವಳು ಮೆಟ್ಟಿಲು ಎಡವಲಿಲ್ಲ.

ದೀಪಗಳು ಆರಿದವು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಒಂದು ಮುಖ ಬಂತು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡ, ಮೀಸೆ ಇನ್ನೂ ಸರಿಯಾಗಿ ಬಾರದ, ಬೇರೊಬ್ಬಳ ಮಗ.

"ನಮ್ಮ ಮುನಿರಾಜುನ ಹೆತ್ತ ತಾಯಿ!" ಎಂದು ಸಮರ್ಥ್‌ರಾಜ್ ಗದ್ಗದಿತನಾಗಿ ಬಂದು ಅವಳ ಪಾದದ ಮೇಲೆ ಬಿದ್ದ. ಅದೇ ಸೆಂಟಿನ ವಾಸನೆ. ಎದ್ದು ಅವಳ ಮುಖವನ್ನು ನೇರವಾಗಿ ನೋಡಿದ. ಪ್ರತಿವರ್ಷ ನೋಡಿದ್ದ ಮುಖ. "ಅಳಬೇಡಿ ಅಮ್ಮ, ಇನ್ಮೇಲೆ ನಾನೇ ನಿಮ್ಮ ಮಗ," ಎಂದ. ಅವಳು ಅಳುತ್ತಿರಲಿಲ್ಲ.

ಆಮೇಲೆ, ಯಾವ ವರ್ಷವೂ ಕೊಡದಿದ್ದ ಮೈಕನ್ನು ಅವಳ ಬಾಯಿಗೆ ಹಿಡಿದ. "ಮಗನ ಬಗ್ಗೆ ಎರಡು ಮಾತು, ಅಮ್ಮ."

ಭೀಮರಾಜನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು ಸಾಕಿತ್ತು. ವೇದಿಕೆಯ ಮರೆಯಲ್ಲಿ ನಾಗೇಶ್ ಬೆವರು ಸುರಿಸುತ್ತ ಎರಡೂ ಕೈ ಜೋಡಿಸಿ ನಿಂತಿದ್ದ. ಈಗ ಹೆಸರು ಅಂದುಬಿಟ್ಟರೆ ಇನ್ನು ಯಾವತ್ತೂ ಇಲ್ಲಿಗೆ ಕರೆಯುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಹೆಸರನ್ನು ಒಳಗೇ ಇಟ್ಟುಕೊಂಡು ಮೈಕಿನ ಹತ್ತಿರಕ್ಕೆ ಬಾಗಿದಳು.

"ನನ್ ಮಗುಂಗೆ ಕರೆಂಟ್ ಅಂದ್ರೆ ಬಲೇ ಭಯ," ಎಂದಳು. ತನ್ನದೇ ದನಿ ಸಭೆಯ ಆ ತುದಿಯಿಂದ ವಾಪಸ್ ಬಂದು ಕಿವಿಗೆ ಬಡಿಯಿತು. "ಬಲ್ಬ್ ಓದ್ರೂ ಅವ್ರಪ್ಪುನ್ನೇ ಕರೀತಿದ್ದ. ಮಳೆಗಾಲ್ದಲ್ಲಿ ಸ್ವಿಚ್ ಮುಟ್ತಿರ್ಲಿಲ್ಲ. ರಾಗಿ ಮುದ್ದೆ ಬಿಸಿ ಇದ್ರೆ ನಾನೇ ಮುರ್ದು ಆರಿಸ್ಕೊಡ್ಬೇಕಿತ್ತು, ಅಷ್ಟ್ ಉದ್ದ ಬೆಳ್ದಿದ್ರೂವೆ. ಅವತ್ತು ನಾಷ್ಟಾನೂ ತಿನ್ದೆ ಓಗ್ಬುಟ್ಟ."

ಅಷ್ಟು ದೊಡ್ಡ ಸಭೆಯಲ್ಲಿ ಮೂಗು ಸುರ್ರೆನ್ನುವ ಸದ್ದು ಮಾತ್ರ. ಮುಂದಿನ ಸಾಲಿನ ಗಡ್ಡದ ಹುಡುಗನೊಬ್ಬ ತೋಳಿಗೆ ಕಣ್ಣೊರೆಸಿಕೊಂಡ. ಪರದೆಯ ಮೇಲಿನ ಹುಡುಗ ಸತ್ತದ್ದು ಬಿದ್ದು, ಕರೆಂಟಿನಿಂದಲ್ಲ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಭಯವೂ ಮುದ್ದೆಯೂ ತಿನ್ನದೆ ಬಿಟ್ಟ ನಾಷ್ಟಾವೂ ಆ ಮುಖಕ್ಕೆ ಹೋಗಿ ಸೇರಿಕೊಂಡವು.

"ಮುನಿರಾಜು ಅಮರ್ ರಹೇ!" ಎಂದು ಯಾರೋ ಕೂಗಿದರು. ಮರುಕ್ಷಣ ಇಡೀ ಮಂಟಪ ಅದೇ ಹೆಸರನ್ನು ಕೂಗತೊಡಗಿತು.

ಸಮರ್ಥ್‌ರಾಜ್ ಅವಳ ಕೈ ಹಿಡಿದು ಮೇಲೆತ್ತಿದ. ಕೂಗು ಹೆಚ್ಚಿತು. ಸ್ವಲ್ಪ ಹೊತ್ತಿಗೆ ಅವನು ಕೈ ಬಿಟ್ಟು, ವೇದಿಕೆಯ ಅಂಚಿಗೆ ಹೋಗಿ ಹುಡುಗರತ್ತ ಮುತ್ತು ತೂರಿದ. ಸೊಣ್ಣಮ್ಮನ ಕೈ ಎತ್ತಿದ ಹಾಗೆಯೇ ಮೇಲಿತ್ತು.