ಕೂತವರಿಗೆ ಕಾಣುವ ಹಿತ್ತಲು

"ಗರಗಸ ಕೆಳಗಿಡು," ಎಂದಳು ಮಗಳು.

ಶಾಮಿಯಾನದವನು ಕೆಳಗಿಡಲಿಲ್ಲ, ಎಳೆಯಲೂ ಇಲ್ಲ. ಗರಗಸದ ಹಲ್ಲು ಆಗಲೇ ಕೊಂಬೆಯ ಮೇಲೆ ಕೂತಿತ್ತು. ಅವನು ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಹಿಂಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ ಅವಳ ದೊಡ್ಡಪ್ಪನ ಮುಖ ನೋಡಿದ.

"ನೀನು ಕೊಯ್ಯಪ್ಪ. ಅವಳು ದುಃಖದಲ್ಲಿ ಏನೋ ಹೇಳ್ತಾಳೆ," ಎಂದರು ದೊಡ್ಡಪ್ಪ.

"ದುಃಖ ಇದೆ ದೊಡ್ಡಪ್ಪ. ತಲೆನೂ ನೆಟ್ಟಗೇ ಇದೆ. ಮರ ಮುಟ್ಟಬೇಡಿ."

ಒಳಗೆ ಮುಂದಿನ ಕೋಣೆಯಲ್ಲಿ, ಊಟದ ಮೇಜಿನ ಮೇಲೆ, ಬಿಳಿ ಹೊದಿಕೆಯಡಿ ಅವಳ ಅಮ್ಮ ಮಲಗಿದ್ದಳು. ನಿನ್ನೆ ಸಂಜೆ ಚಹಾದ ಲೋಟ ಕೆಳಗಿಟ್ಟು "ಯಾಕೋ ಎದೆ ಹಿಂಡ್ತಿದೆ ಕಣೇ" ಅಂದವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಧ್ಯಾಹ್ನಕ್ಕೆ ವ್ಯಾನು ಬರುತ್ತದೆ. ಅಷ್ಟರೊಳಗೆ ಬಂದ ಜನರಿಗೆ ಕುರ್ಚಿ ಹಾಕಬೇಕು. ಬೀದಿಯಲ್ಲಿ ಜಾಗವಿಲ್ಲ. ಹಿತ್ತಲಲ್ಲಿ ಇದೆ, ಆದರೆ ನಟ್ಟನಡುವೆ ಎರಡು ಸಾಲು ಗಿಡ್ಡ ಮರಗಳು ಅಡ್ಡ ನಿಂತಿವೆ. ದೊಡ್ಡಪ್ಪನ ಪ್ರಕಾರ ಯೋಚಿಸುವಂಥದ್ದು ಇದರಲ್ಲಿ ಏನೂ ಇರಲಿಲ್ಲ.

"ಹೇಗೂ ಮುಂದೆ ತೆಗೆಸೋದೇ ತಾನೆ," ಎಂದರು ಅವರು. "ನನ್ನ ಕಾರು ನಿಲ್ಲಿಸೋಕೂ ಜಾಗ ಆಗತ್ತೆ. ಇನ್ನು ಇದನ್ನ ನೋಡೋರು ಯಾರಿದಾರೆ? ನೋಡೋಕಾದ್ರೂ ಏನಿದೆ? ಬರೀ ಸೊಪ್ಪು!"

ಅವರು ನಿಂತ ಜಾಗದಿಂದ ಅದು ನಿಜವೇ ಆಗಿತ್ತು. ಎದೆಮಟ್ಟದಿಂದ ತಲೆಯ ಮೇಲಿನವರೆಗೂ ಒತ್ತೊತ್ತಾಗಿ ಬೆಳೆದ ಕಡುಹಸಿರು ಎಲೆಗಳು. ಒಂದು ಹೂವಿಲ್ಲ. ಇದಕ್ಕೆ ಕಂಪನಿಯವರನ್ನು ಕರೆಸಿ, ನಕ್ಷೆ ಬರೆಸಿ, ಲಾರಿಯಲ್ಲಿ ಮಣ್ಣು ತರಿಸಿದಳಲ್ಲ ಎಂದು ಬೀದಿಯೆಲ್ಲ ಆಡಿಕೊಂಡು ನಕ್ಕಿತ್ತು.

ದೊಡ್ಡಪ್ಪ ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದವರು. ನಿವೃತ್ತಿಯಾದ ಮೇಲೆ ಅವರ ಮೇಲ್ವಿಚಾರಣೆಗೆ ಸಿಕ್ಕಿದ್ದು ಪಕ್ಕದಲ್ಲಿದ್ದ ತಮ್ಮನ ಮನೆ. ತಮ್ಮ ತೀರಿಕೊಂಡ ಮೇಲೆ ತಮ್ಮನ ಹೆಂಡತಿ. ಈ ಹಿತ್ತಲಲ್ಲಿ ಅವರಿಗೆ ಅಂಗೈಯಗಲ ಪಾಲೂ ಇರಲಿಲ್ಲ. ಅವರ ಬಾಯಿಗೆ ಮಾತ್ರ ಎಲ್ಲ ಕಡೆಯೂ ಪಾಲಿತ್ತು.

* * *

ಸತ್ತವಳನ್ನು ಬೀದಿಯವರು ಕಾಜಾದಮ್ಮ ಎನ್ನುತ್ತಿದ್ದರು. ಟೈಲರ್ ಅಂಗಡಿಯಿಂದ ಬಂದ ಅಂಗಿ, ಕೋಟುಗಳಿಗೆ ಕೈಯಲ್ಲೇ ಕಾಜಾ ಹಾಕುವುದು, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಹೊಲಿದು ಗಟ್ಟಿ ಮಾಡುವುದು, ಆಕೆಯ ಕೆಲಸ. ಅಡುಗೆಮನೆಯ ಹಿಂದಿನ ವರಾಂಡದಲ್ಲಿ ಬೆಳಕು ಚೆನ್ನಾಗಿತ್ತು. ಅಲ್ಲೊಂದು ಗಿಡ್ಡ ಸ್ಟೂಲು ಹಾಕಿಕೊಂಡು ಕೂತರೆ ಕೂತಳೇ. ತರಕಾರಿ ಹೆಚ್ಚಿದ್ದು ಅಲ್ಲೇ, ಮಗಳಿಗೆ ತಲೆ ಬಾಚಿದ್ದು ಅಲ್ಲೇ, ಗಂಡ ಹೋದಾಗ ಅತ್ತಿದ್ದೂ ಅಲ್ಲೇ. ಬಂದವರೆಲ್ಲ ನಿಂತುಕೊಂಡೇ ಮಾತಾಡಿ ಹೋಗುವರು. ಟೈಲರ್ ಮಾಸ್ಟರು ಬಟ್ಟೆಯ ಗಂಟನ್ನು ಆಕೆಯ ಹೆಗಲ ಮೇಲಿಂದ ಇಳಿಬಿಟ್ಟು "ನಾಳೆಗೇ ಬೇಕಮ್ಮ" ಅನ್ನುವರು. ಮಗಳ ದೊಡ್ಡಪ್ಪನಾದ ಭಾವ ಬಾಗಿಲಲ್ಲಿ ನಿಂತು ಆಕೆಯ ಬೆನ್ನಿಗೆ ಬುದ್ಧಿ ಹೇಳುವರು.

ಎದುರಿಗೆ ಹಿತ್ತಲು. ಬಿರುಕು ಬಿಟ್ಟ ಸಿಮೆಂಟು, ಬಟ್ಟೆ ಒಗೆಯುವ ಕಲ್ಲು, ಬೂದು ಗೋಡೆ, ಭಾವ ತಂದು ಒಟ್ಟಿದ ತುಕ್ಕು ಪೈಪುಗಳು, ಒಡೆದ ಬೇಸಿನ್ನು. ಅದನ್ನು ಯಾರೂ ನೋಡುತ್ತಿರಲಿಲ್ಲ. ಆಕೆಯೂ ನೋಡುತ್ತಿರಲಿಲ್ಲ, ಕಣ್ಣೆಲ್ಲ ಸೂಜಿಯ ಮೇಲೆ.

ಆ ಕಣ್ಣಿಗೆ ಪೊರೆ ಬಂತು. ಟೈಲರ್ ಅಂಗಡಿಗೆ ಕಾಜಾ ಮೆಷಿನ್ನೂ ಬಂದು, ಅಪರೂಪಕ್ಕೊಂದು ಕೋಟು ಮಾತ್ರ ಆಕೆಯ ಪಾಲಿಗೆ ಉಳಿಯಿತು. ಆಪರೇಷನ್ ಆಗಿ, ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಆಕೆ ಅಭ್ಯಾಸದಂತೆ ಸ್ಟೂಲಿನ ಮೇಲೆ ಕೂತು ತಲೆಯೆತ್ತಿದಳು.

"ಥೂ!"

ಮಗಳು ಗಾಬರಿಯಾಗಿ ಓಡಿ ಬಂದಳು. "ಏನಾಯ್ತಮ್ಮ? ಕಣ್ಣು ನೋಯ್ತಿದೆಯಾ?"

"ಕಣ್ಣಿಗೇನು ಧಾಡಿ, ಚೆನ್ನಾಗೇ ಕಾಣ್ತಿದೆ. ಇಷ್ಟು ವರ್ಷ ನಾನು ಈ ದರಿದ್ರವನ್ನ ಎದುರಿಗಿಟ್ಕೊಂಡು ಕೂತಿದ್ನಾ? ಒಬ್ಬರಾದ್ರೂ ಹೇಳಬಾರದಿತ್ತಾ?"

ಮಾರನೆಯ ವಾರವೇ ಉದ್ಯಾನ ಮಾಡಿಕೊಡುವ ಕಂಪನಿಗೆ ಫೋನು ಹೋಯಿತು. ನಾಲ್ಕು ಕುಂಡ ಇಟ್ಟರೆ ಸಾಲದಾ ಎಂದಳು ಮಗಳು.

"ಕುಂಡ ಇಟ್ಟರೆ ಅವೂ ಆ ಪೈಪಿನ ಪಕ್ಕ ಕೂತು ಅಳ್ತಾವೆ. ಕೆಲಸ ಬಲ್ಲವರು ಮಾಡಲಿ ಬಿಡು. ಕಾಜಾ ನಾವೇ ಹಾಕ್ಕೋತೀವಿ ಅಂತ ಹೋಗಿ, ಬಟ್ಟೆ ಕೆಡಿಸಿ ನನ್ನ ಹತ್ರ ತಂದವರನ್ನ ಎಷ್ಟು ನೋಡಿಲ್ಲ ನಾನು?"

ಸುದ್ದಿ ತಿಳಿದು ಭಾವ ಬಂದರು. "ಈ ವಯಸ್ಸಲ್ಲಿ ನಿನಗೆ ಷೋಕಿ ಬೇಕೇನಮ್ಮಾ?"

"ಹೂಂ ಭಾವ, ಷೋಕಿನೇ. ಹಿಂದಿನ ವಯಸ್ಸಲ್ಲಿ ಮಾಡೋಕೆ ಪುರುಸೊತ್ತಿರಲಿಲ್ಲ. ನಿಮ್ಮ ಪೈಪು ತಗೊಂಡು ಹೋಗಿ. ಇಲ್ಲದಿದ್ರೆ ಗುಜರಿಯವನಿಗೆ ಹಾಕ್ತೀನಿ."

ಅವರು ತಗೊಂಡು ಹೋಗಲಿಲ್ಲ. ಆಕೆ ಗುಜರಿಯವನಿಗೆ ಹಾಕಿಯೇಬಿಟ್ಟಳು. ಭಾವ ಸಿಟ್ಟಿನಿಂದ ಮಾತು ಬಿಟ್ಟರು. ಅದನ್ನು ಆಕೆ ರಜೆ ಸಿಕ್ಕಿತು ಎಂದುಕೊಂಡು ಅನುಭವಿಸಿದಳು.

* * *

ಟೈಲರ್ ಮಾಸ್ಟರು ಹೂವಿನ ಹಾರ ಹಿಡಿದು ಬಂದಾಗ ಜಗಳ ಇನ್ನೂ ನಿಂತಿರಲಿಲ್ಲ. ಅವರ ಹಿಂದೆಯೇ ಕಂಪನಿಯ ತೋಟದವಳು ಬಂದಳು, ಮಣ್ಣು ಮೆತ್ತಿದ ಬೂಟಿನಲ್ಲೇ. ಬೇರೆ ಯಾರದೋ ಮನೆಯಲ್ಲಿ ಗಿಡ ನೆಡಿಸುತ್ತಿದ್ದವಳು ಸುದ್ದಿ ಕೇಳಿ ಹಾಗೇ ಹೊರಟು ಬಂದಿದ್ದಳು. ಮರದ ಮೇಲೆ ಗರಗಸ ಕಂಡು ನೇರ ಅಲ್ಲಿಗೇ ಬಂದಳು.

"ಈಕೆನೇ ನೋಡಿ ಮಾಸ್ಟ್ರೇ, ಈ ಸೊಪ್ಪು ನೆಟ್ಟು ಹೋದವಳು," ಎಂದರು ದೊಡ್ಡಪ್ಪ. "ಅಲ್ಲಮ್ಮಾ, ಹಣ ಇಸ್ಕೊಂಡ ಮೇಲೆ ನಾಲ್ಕು ಜನ ನೋಡೋ ಹಾಗಾದ್ರೂ ಮಾಡಬೇಕಲ್ವಾ?"

"ಅವರು ಹೇಗೆ ಕೇಳಿದ್ರೋ ಹಾಗೆ ಮಾಡಿದೀನಿ ಸಾರ್."

"ಅವಳಿಗೇನು ಗೊತ್ತು, ಕೇಳೋದಕ್ಕೆ!"

ಮಗಳಿಗೆ ಅಲ್ಲಿಗೆ ಸಾಕಾಯಿತು. ಹುಟ್ಟಿದಾಗಿನಿಂದ ಅವಳು ದೊಡ್ಡಪ್ಪನಿಗೆ ಎದುರು ಮಾತಾಡಿದವಳಲ್ಲ. ನಾಳೆಯಿಂದ ಈ ಮನೆಯಲ್ಲಿ ಅವಳೊಬ್ಬಳೇ, ಗೋಡೆಯಾಚೆಗೆ ಅವರು. ಇವತ್ತು ಮರ ಬಿಟ್ಟುಕೊಟ್ಟರೆ ನಾಳೆ ಹಿತ್ತಲು, ನಾಡಿದ್ದು ಮನೆಯ ಬೀಗದ ಕೈ. ಅವಳು ಹೋಗಿ ಶಾಮಿಯಾನದವನ ಕೈಯಿಂದ ಗರಗಸ ಕಿತ್ತುಕೊಂಡಳು. ಪಾಪ, ಅವನೂ ಅದಕ್ಕೇ ಕಾಯುತ್ತಿದ್ದವನ ಹಾಗೆ ಬಿಟ್ಟುಕೊಟ್ಟ.

"ಇದು ನನ್ನ ಅಮ್ಮನ ಹಿತ್ತಲು. ಈಗ ನನ್ನದು," ಎಂದಳು. "ಕುರ್ಚಿ ಬೇಡವೇ ಬೇಡ, ವಾಪಸ್ ತಗೊಂಡು ಹೋಗಪ್ಪ. ಮಾಸ್ಟ್ರೇ, ಒಂದು ಕೈ ಹಾಕಿ. ಅಮ್ಮನ್ನ ಮೇಜಿನಿಂದ ಇಳಿಸಿ ಹಿಂದಿನ ವರಾಂಡಕ್ಕೆ ತರೋಣ. ನೆಲದ ಮೇಲೆ ಹಾಸಿಗೆ ಹಾಸ್ತೀನಿ."

"ನೆಲದ ಮೇಲಾ? ಜನ ಎಲ್ಲಿ ನಿಂತು ನೋಡ್ತಾರೆ?" ದೊಡ್ಡಪ್ಪನ ದನಿ ಏರಿತು.

"ನಿಲ್ಲೋದು ಬೇಡ ದೊಡ್ಡಪ್ಪ. ಕೂತ್ಕೊಳ್ಳಲಿ."

* * *

ತೋಟದವಳು ಮೊದಲ ಸಲ ಬಂದಾಗ ಟೇಪು ಬಿಚ್ಚುತ್ತಾ ಕೇಳಿದ್ದು ಒಂದೇ ಪ್ರಶ್ನೆ.

"ಅಮ್ಮಾ, ನೀವು ಹಿತ್ತಲನ್ನ ಎಲ್ಲಿಂದ ನೋಡ್ತೀರ? ಕಿಟಕಿಯಿಂದಲಾ, ಬಾಗಿಲಿಂದಲಾ? ಅದರ ಮೇಲೇ ಎಲ್ಲ ಲೆಕ್ಕ."

ಕಾಜಾದಮ್ಮ ಸ್ಟೂಲಿನ ಮೇಲೆ ಕೂತು ತೋರಿಸಿದಳು. "ಇಲ್ಲಿಂದ."

ತೋಟದವಳು ನೆಲದಿಂದ ಆಕೆಯ ಕಣ್ಣಿನವರೆಗೆ ಟೇಪು ಹಿಡಿದಳು. ಆಮೇಲೆ ಹಿತ್ತಲನ್ನು ನೋಡಿದಳು, ಮತ್ತೆ ಟೇಪು ನೋಡಿದಳು. "ಇಷ್ಟು ಕೆಳಗಿನಿಂದ ನೋಡೋಕೆ ಮಾಡಿದ್ರೆ ನಿಂತವರಿಗೆ ಏನೂ ಕಾಣಲ್ಲಮ್ಮ. ಎಲೆ ಅಡ್ಡ ಬರತ್ತೆ."

"ಬರಲಿ. ಇಷ್ಟು ವರ್ಷ ನಿಂತವರೆಲ್ಲ ನನ್ನ ಬೆನ್ನು ನೋಡ್ಕೊಂಡು ಮಾತಾಡಿದಾರೆ. ಇನ್ಮೇಲೆ ಗಿಡದ ಬೆನ್ನು ನೋಡ್ಲಿ."

"ಅಮ್ಮಾ, ಬಂದವರು ಏನಂತಾರೆ?" ಎಂದಳು ಮಗಳು.

"ಕೂತ್ಕೊಂಡ್ರೆ ಕಾಣತ್ತೆ. ಕೂರಬೇಡಿ ಅಂತ ಯಾರಾದ್ರೂ ಅವರ ಕಾಲು ಹಿಡಿದಿದಾರಾ?"

ಕೆಲಸದವರು ಸಿಮೆಂಟು ಒಡೆದರು, ಮಣ್ಣು ತುಂಬಿದರು, ಮರ ನೆಟ್ಟು ಕೆಳಗಿನ ಕೊಂಬೆಗಳನ್ನೆಲ್ಲ ಸವರಿ ಬೋಳು ಮಾಡಿದರು. ಎಲ್ಲ ಮುಗಿಯಿತೆಂದು ತೋಟದವಳು ಹೆಮ್ಮೆಯಿಂದ ಆಕೆಯನ್ನು ಕೂರಿಸಿದಳು. ಆಕೆ ನೋಡಿದಳು. ಮುಂದಿನ ಸಾಲಿನ ಹೂಗಿಡ ಮೂಗಿನ ಮಟ್ಟಕ್ಕೆ ಬಂದು ಹಿಂದಿನದನ್ನೆಲ್ಲ ಮುಚ್ಚಿತ್ತು. ತೋಟದವಳು ಟೇಪು ಹಿಡಿದದ್ದು ಸರಿಯಾಗಿಯೇ ಇತ್ತು. ಆದರೆ ಸ್ಟೂಲಿನಷ್ಟು ತಗ್ಗಿನಿಂದ ತೋಟ ನೋಡುವವರು ಇರುತ್ತಾರೆಂದು ಅವಳ ಕೆಲಸದವರು ನಂಬಿರಲಿಲ್ಲ. ಅಳತೆಯಲ್ಲೇ ಏನೋ ತಪ್ಪಾಗಿದೆ ಎಂದುಕೊಂಡು, ಹೂವಿನ ಪಾತಿಯನ್ನು ಕುರ್ಚಿಯ ಎತ್ತರಕ್ಕೆ ಸರಿಮಾಡಿ ಉಪಕಾರ ಮಾಡಿದ್ದರು.

"ಕೀಳಿ," ಎಂದಳು ಆಕೆ. "ಈ ಮನೆಯಲ್ಲಿ ನಾನು ಕುರ್ಚಿ ಮೇಲೆ ಕೂತಿದ್ದು ಯಾವತ್ತು?"

ಪಾತಿಯನ್ನು ಅಗೆದು, ಮಣ್ಣು ತಗ್ಗಿಸಿ, ಮತ್ತೆ ನೆಟ್ಟರು. ಎರಡನೇ ಸಲ ಕೂತವಳು ಸಂಜೆಯವರೆಗೂ ಏಳಲಿಲ್ಲ. ಮಗಳು ತಂದಿಟ್ಟ ಚಹಾ ಆರಿಹೋಯಿತು. ಅಂದು ಆಕೆಗೆ ಆದ ಸಂತೋಷ ಬದುಕಿನಲ್ಲಿ ಬೇರೆ ಯಾವತ್ತೂ ಆಗಿರಲಿಲ್ಲ.

* * *

ಈಗ ಆಕೆ ವರಾಂಡದ ನೆಲದಲ್ಲಿ, ಹಿತ್ತಲಿಗೆ ಮುಖ ಮಾಡಿ, ದಿಂಬಿಗೆ ತಲೆ ಕೊಟ್ಟು ಮಲಗಿದ್ದಳು. ಜನ ಬಂದರು. ಬಾಗಿಲಲ್ಲಿ ತಡೆದು ನಿಂತರು. ಮುಖ ನೋಡಬೇಕೆಂದರೆ ಬಗ್ಗಬೇಕು, ಹಾರ ಹಾಕಬೇಕೆಂದರೆ ಮಂಡಿಯೂರಬೇಕು, ಅಷ್ಟು ಬಗ್ಗಿದ ಮೇಲೆ ಎದ್ದು ಸರಿಯಲು ಜಾಗವಿಲ್ಲ, ಹಿಂದೆ ಜನ. ವಿಧಿಯಿಲ್ಲದೆ ಅಲ್ಲಲ್ಲೇ ಕೂತರು.

ಮೊದಲು ಕೂತದ್ದು ಟೈಲರ್ ಮಾಸ್ಟರು. "ಅಯ್ಯೋ ನನ್ನ ಮಂಡಿ," ಎಂದು ನರಳುತ್ತಾ ಗೋಡೆಗೊರಗಿ ತಲೆಯೆತ್ತಿದವರು ಮಂಡಿಯ ನೋವು ಮರೆತರು.

ಎಲೆಗಳೆಲ್ಲ ತಲೆಯ ಮೇಲೆ ಹೋಗಿ ಚಾವಣಿಯಾಗಿದ್ದವು. ಅದರಡಿಯಲ್ಲಿ ಬೋಳು ಕಾಂಡಗಳ ನಡುವೆ ಹಿತ್ತಲು ಆಳವಾಗಿ, ತಂಪಾಗಿ ತೆರೆದುಕೊಂಡಿತ್ತು. ನೆಲಕ್ಕಂಟಿ ನೀಲಿ ಹೂಗಳು, ಅವುಗಳ ಹಿಂದೆ ತೋಳಗಲದ ಕಲ್ಲಿನ ತೊಟ್ಟಿಯಲ್ಲಿ ನಿಂತ ನೀರು, ಕೊನೆಗೆ ಸುಣ್ಣ ಬಳಿದ ಗೋಡೆಯ ಮೇಲೆ ನೀರಿನ ಬೆಳಕು ಅಲ್ಲಾಡುತ್ತಿತ್ತು. ಅಷ್ಟು ಸಣ್ಣ ಹಿತ್ತಲು ಇಷ್ಟು ದೂರ ಹೇಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

"ಎಷ್ಟು ಸಲ ಬಂದಿದೀನಿ ಈ ಬಾಗಿಲಿಗೆ," ಎಂದರು ಮಾಸ್ಟರು. "ಒಂದು ಸಲ ಕೂತ್ಕೊಳ್ಳಿ ಅಂತ ಅನ್ನಲಿಲ್ಲವಲ್ಲ ಈ ಮಹಾತಾಯಿ!"

"ನೀವು ಬರ್ತಾನೇ ಅವಸರ ಮಾಡ್ತಿದ್ರಿ ಮಾಸ್ಟ್ರೇ," ಎಂದಳು ಮಗಳು. ಅವಳಿಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ತೋಟದವಳು ಅವಳ ಕೈ ಹಿಡಿದುಕೊಂಡಳು.

ದೊಡ್ಡಪ್ಪ ಒಳಗೆ ಬರಲಿಲ್ಲ. ಪಕ್ಕದ ಗೇಟಿನಿಂದ ಹಿತ್ತಲಿಗೆ ನುಗ್ಗಿ, ಶಾಮಿಯಾನದವನು ಮರೆತುಹೋಗಿದ್ದ ಒಂದು ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಮರಗಳ ನಡುವೆ ಠಪ್ಪೆಂದು ಬಿಡಿಸಿಟ್ಟರು. ಎಲೆಗಳ ಒಳಗಿನಿಂದ ಅವರ ದನಿ ಬಂತು.

"ನೆಲದ ಮೇಲೆ ಯಾಕೆ ಕೂತಿದೀರ ಎಲ್ಲರೂ? ಇಲ್ಲಿ ಬನ್ನಿ, ಇಲ್ಲಿ ಗಾಳಿ ಇದೆ, ಜಾಗ ಇದೆ! ಅಲ್ಲಿ ಕೂತು ಏನು ನೋಡ್ತಿದೀರ?"

ಯಾರೂ ಏಳಲಿಲ್ಲ. ವರಾಂಡದಲ್ಲಿ ಕೂತವರಿಗೆ ಅವರ ಮುಖ ಕಾಣುತ್ತಿರಲಿಲ್ಲ, ಕೈಯೂ ಕಾಣುತ್ತಿರಲಿಲ್ಲ. ತೊಟ್ಟಿಯ ಮುಂದೆ ಕುರ್ಚಿಯ ನಾಲ್ಕು ಕಾಲು, ಅದರ ಪಕ್ಕ ಇಸ್ತ್ರಿ ಮಾಡಿದ ಪ್ಯಾಂಟಿನ ಎರಡು ಕಾಲು, ಅಷ್ಟೇ.

"ಸಾರ್," ಎಂದು ಮಾಸ್ಟರು ಗಟ್ಟಿಯಾಗಿ ಕೂಗಿದರು, "ಸ್ವಲ್ಪ ಕಾಲು ತೆಗೀರಿ. ನೀರು ಕಾಣ್ತಿಲ್ಲ."

ಆ ಎರಡು ಕಾಲುಗಳು ನಿಂತಲ್ಲೇ ನಿಂತವು. ಹಿಂದಿನ ಸಾಲಿನಿಂದ ಇನ್ಯಾರೋ "ಹೌದು ಸಾರ್, ಪಕ್ಕಕ್ಕೆ ಬನ್ನಿ" ಎಂದರು. ಪಾಲಿಶ್ ಮಾಡಿದ ಬೂಟುಗಳು ಎಡಕ್ಕೆ ತಿರುಗಿದವು, ಬಲಕ್ಕೆ ತಿರುಗಿದವು. ಆಮೇಲೆ ಕುರ್ಚಿಯ ಕಾಲುಗಳು ನೆಲ ಬಿಟ್ಟು ಮೇಲೆದ್ದವು, ಪ್ಯಾಂಟಿನ ಕಾಲುಗಳು ನೀಲಿ ಹೂಗಳನ್ನು ತುಳಿಯದಂತೆ ಒಂದೊಂದಾಗಿ ಎತ್ತಿ ಇಡುತ್ತಾ ಗೋಡೆಯ ಬದಿಗೆ ಸರಿದುಹೋದವು.