ಏಳು ಸೀಸೆಗಳು

ಸ್ಪಿರಿಟ್ ದೀಪದ ನೀಲಿ ಉರಿಯ ಮೇಲೆ ಓರೆಯಾಗಿ ಹಿಡಿದ ಗಾಜಿನ ನಳಿಕೆ, ಅದರ ಮೇಲ್ಭಾಗದಲ್ಲಿ ಮೆಲ್ಲಗೆ ಕವಿಯುವ ಬಿಳಿ ಮೋಡ, ಮೋಡದ ಹಿಂದೆ ಮರೆಯಾಗುವ ಕ್ಯಾಲೆಂಡರಿನ ಅಂಕಿಗಳು. ನಾನು ಇವತ್ತು ಬದುಕಿರುವುದು ಆ ಮೋಡವನ್ನು ಕಂಡ ಒಬ್ಬ ಹೆಂಗಸಿನಿಂದ.

ಆಗ ನಾನು ಬಸ್ ಡಿಪೋದಲ್ಲಿ ಡ್ರೈವರ್ ಆಗಿದ್ದೆ. ವರ್ಷಕ್ಕೊಮ್ಮೆ ನಮಗೆಲ್ಲ ಮೂತ್ರ ಪರೀಕ್ಷೆ. ಏನಾದರೂ ದೋಷ ಸಿಕ್ಕಿತೋ, ಸ್ಟೇರಿಂಗ್ ಬಿಟ್ಟು ಬಸ್ ತೊಳೆಯುವ ಕೆಲಸಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆಯ ಅನುಮಾನವಿದ್ದ ಹಿರಿಯರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಡಿಪೋದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವನ ಮೂತ್ರವನ್ನೇ ತಮ್ಮ ಸೀಸೆಗಳಿಗೂ ತುಂಬಿಸಿಕೊಳ್ಳುತ್ತಿದ್ದರು. ಆ ವರ್ಷ ಆ ಗೌರವ ನನ್ನ ಪಾಲಿಗೆ ಬಂತು. ಬಸ್ಸಿನ ಟೈರನ್ನು ಒಬ್ಬನೇ ಎತ್ತಿ ಕೂರಿಸುವ ಆಳು ನಾನು. ಹಿರಿಯ ಡ್ರೈವರ್ ಚನ್ನವೀರಣ್ಣ ಬೆಳಿಗ್ಗೆಯೇ ಎರಡು ಚೊಂಬು ನೀರು ಕುಡಿಸಿ ಆರು ಸೀಸೆ ಮುಂದಿಟ್ಟ. ನನ್ನದೂ ಸೇರಿ ಏಳನ್ನೂ ಎದೆಯುಬ್ಬಿಸಿಕೊಂಡು ತುಂಬಿಸಿದೆ.

ಲ್ಯಾಬಿನ ಅಂಬುಜಾಕ್ಷಿ ಮೇಡಂ ನೂರು ಸೀಸೆ ಬಂದರೂ ಒಂದೊಂದನ್ನೂ ತಾವೇ ಕಾಯಿಸಿ, ನಳಿಕೆಯ ಹಿಂದೆ ಕ್ಯಾಲೆಂಡರಿನ ಹಾಳೆ ಹಿಡಿದು ನೋಡುವವರು. ಅಂದು ಮಧ್ಯಾಹ್ನ ನಮ್ಮ ಏಳು ಜನರನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಏಳು ನಳಿಕೆಗಳಲ್ಲೂ ಒಂದೇ ಮೋಡ. ಕಾಯಿಸಿದಾಗ ಹೀಗೆ ಬೆಳ್ಳಗಾದರೆ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆ ಎಂದು ವಿವರಿಸಿದರು.

"ಏಳು ಜನಕ್ಕೂ ಒಂದೇ ಥರ ಕಿಡ್ನಿ ಕೆಡಲ್ಲ. ಇದು ಯಾರೋ ಒಬ್ಬರದು. ಅವರು ಈಗಲೇ ಹೇಳಿದ್ರೆ ಉಳಿಸ್ಕೋಬಹುದು."

ನನಗೆ ಭಯಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಕೊನೆಗೆ ಮುಂದೆ ಬಂದೆ.

"ನಂದೇ ಮೇಡಂ. ಆದ್ರೆ ನಂಗೆ ಎಲ್ಲೂ ನೋವೇ ಇಲ್ವಲ್ಲ."

"ಕಿಡ್ನಿ ಅಷ್ಟು ಬೇಗ ಹೇಳ್ಕೊಳ್ಳಲ್ಲಪ್ಪ. ಅದಕ್ಕೇ ನಾವಾಗೇ ಕೇಳೋದು."

ಮತ್ತೆ ಏಳು ಖಾಲಿ ಸೀಸೆ ಕೊಟ್ಟು, ಬಚ್ಚಲಿನ ಹೊರಗೆ ತಾವೇ ಕಾವಲು ನಿಂತರು. ಚನ್ನವೀರಣ್ಣನ ಸಕ್ಕರೆ ಅಂದೇ ಬಯಲಾಯಿತು. ನಮ್ಮ ಮೋಸದ ವಿಷಯ ಮೇಡಂ ಎಲ್ಲಿಯೂ ಬರೆಯಲಿಲ್ಲ, ಕಾಯಿಲೆಯನ್ನು ಮುಚ್ಚಿಡಲೂ ಇಲ್ಲ. ಅವನೂ ನಾನೂ ಒಂದು ವರ್ಷ ಬಸ್ ತೊಳೆದೆವು. ನನ್ನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದವರೂ ಮೇಡಂ ಅವರೇ. ಬಿಪಿ ವಿಪರೀತ ಏರಿತ್ತು. ಮಾತ್ರೆ ಶುರುವಾಯಿತು, ಉಪ್ಪಿನಕಾಯಿ ತಟ್ಟೆ ಬಿಟ್ಟಿತು. ಮೂರು ತಿಂಗಳಿಗೊಮ್ಮೆ ಸೀಸೆ ಹಿಡಿದು ಅವರೆದುರು ನಿಲ್ಲುತ್ತಿದ್ದೆ. ಅಷ್ಟು ನಿಷ್ಠುರವಾಗಿ ನನ್ನ ಮೇಲೆ ಅಕ್ಕರೆ ತೋರಿಸಿದವರು ಬೇರೆ ಯಾರೂ ಇಲ್ಲ.

ಮೂರನೆಯ ವರ್ಷ ಒಂದು ಬೆಳಿಗ್ಗೆ ಕಾಯಿಸಿದ ನಳಿಕೆಯನ್ನು ನನ್ನ ಕೈಗೇ ಕೊಟ್ಟು, ಅದರ ಹಿಂದೆ ಆ ತಿಂಗಳ ಹಾಳೆ ಹಿಡಿದು, ಓದಲು ಹೇಳಿದರು. ತೆಳ್ಳನೆಯ ಹೊಗೆಯಷ್ಟೇ ಉಳಿದಿತ್ತು. ಅದರಾಚೆ ಅಂದಿನ ತಾರೀಕು ಕಾಣಿಸಿತು. ಪಕ್ಕದಲ್ಲಿ ನಾಳೆಯದೂ ಕಾಣಿಸಿತು.